ಸಾಮಾನ್ಯ ವೈದ್ಯನಿಗೆ ಗುರು ಯಾರು?



ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಮುಂಗಾರು ಬಲಿತ ಮೇಲೆ ಹೊಗೆಸೊಪ್ಪಿನ ಎಲೆ ಕೀಳುವ ಕೆಲಸ ಆರಂಭವಾಗುತ್ತದೆ. ಎಲೆಯ ಮೇಲೆ ಮಳೆಯ ನೀರು, ಇಲ್ಲವೆ ಬೆಳಗಿನ ಇಬ್ಬನಿ ಇರುತ್ತದೆ. ಕಿತ್ತ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲಿನಿಂದ ಸಾಲಿಗೆ ನಡೆಯುವ ಕೂಲಿ ಹೆಂಗಸಿನ ಕುಪ್ಪಸ, ಸೀರೆ ಎರಡೂ ನೆನೆಯುತ್ತವೆ. ಸಂಜೆಯ ಹೊತ್ತಿಗೆ ತಲೆ ಸುತ್ತು, ಹೊಟ್ಟೆ ತೊಳಸು, ವಾಂತಿ. ಮನೆಯವರು ಆಕೆಯನ್ನು ಊರಿನ ಡಾಕ್ಟರ ಶಾಪಿಗೆ ಕರೆತರುತ್ತಾರೆ.

ಇದು ಊಟದ ದೋಷವಿರಬಹುದು. ಬಸಿರಿನ ವಾಂತಿಯಿರಬಹುದು. ಹೊಲಕ್ಕೆ ಹೊಡೆದ ಕೀಟನಾಶಕದ ವಿಷವಿರಬಹುದು. ಅಥವಾ ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದಿರಬಹುದು. ಈ ಕೊನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಹಸಿ ತಂಬಾಕಿನ ಕಾಯಿಲೆ ಎಂಬ ಹೆಸರಿದೆ. ಬಟ್ಟೆ ಬದಲಿಸಿ, ಮೈ ತೊಳೆದು, ಎಲೆಯಿಂದ ದೂರವಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಕೀಟನಾಶಕದ ವಿಷ ಹಾಗಲ್ಲ, ಅದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಎರಡರಲ್ಲೂ ವಾಂತಿಯುಂಟು, ಸುಸ್ತುಂಟು. ಬೇರ್ಪಡಿಸಬೇಕಾದವನು ಆ ಹೊತ್ತಿನಲ್ಲಿ ಎದುರಿಗೆ ಕುಳಿತ ವೈದ್ಯ. ಅವನು ಕೇಳಬೇಕಾದ ಮೊದಲ ಪ್ರಶ್ನೆ: ‘ಇವತ್ತು ಏನು ಕೆಲಸ ಮಾಡಿದೆಯಮ್ಮ?’

ಈ ಪ್ರಶ್ನೆಯನ್ನು ಅವನಿಗೆ ಕಲಿಸಿದವರು ಯಾರು? ಈ ಮಾತುಗಳ ವಿಷಯ ಇಷ್ಟೇ. ಕೇಳಲು ಚಿಕ್ಕದಾದರೂ ಈ ಪ್ರಶ್ನೆಗೆ ಉತ್ತರ ಹುಡುಕಲು ಯೂರೋಪಿನ ವೈದ್ಯಶಿಕ್ಷಕರು ಅರ್ಧ ಶತಮಾನ ದುಡಿದಿದ್ದಾರೆ. ಒಂದು ದೇಶದವರು ಇನ್ನೊಂದು ದೇಶದವರನ್ನು ಕೇಳಿ, ಕೂಡಿ ಕುಳಿತು ದುಡಿದಿದ್ದಾರೆ. ಗುರುಪುರದಂಥ ಊರಿಗೆ ಆ ಕಥೆ ಏಕೆ ಬೇಕು ಎಂಬುದು ಕೊನೆಯಲ್ಲಿ ಸ್ಪಷ್ಟವಾಗುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. 1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು, ಅಮೆರಿಕ ಹಾಗೂ ಬ್ರಿಟನ್ನಿನ ಅಂಕಿಅಂಶಗಳನ್ನು ಆಧರಿಸಿ ಒಂದು ಲೇಖನ ಪ್ರಕಟಿಸಿದರು. ಸಾವಿರ ಮಂದಿ ವಯಸ್ಕರನ್ನು ತೆಗೆದುಕೊಂಡರೆ ಒಂದು ತಿಂಗಳಲ್ಲಿ ಸುಮಾರು 750 ಮಂದಿಗೆ ಒಂದಲ್ಲ ಒಂದು ಅನಾರೋಗ್ಯ ಕಾಣಿಸಿಕೊಳ್ಳುತ್ತದೆ. ಅವರಲ್ಲಿ 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. ಒಂಬತ್ತು ಮಂದಿ ಆಸ್ಪತ್ರೆ ಸೇರುತ್ತಾರೆ. ಐವರನ್ನು ಇನ್ನೊಬ್ಬ ವೈದ್ಯರ ಬಳಿಗೆ ಕಳಿಸಲಾಗುತ್ತದೆ. ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯ ತನಕ ಹೋಗುವವನು ಒಬ್ಬನೇ ಒಬ್ಬ.

ವೈದ್ಯವಿದ್ಯಾರ್ಥಿ ಓದುವುದು ಈ ಒಬ್ಬನ ಹಾಸಿಗೆಯ ಪಕ್ಕದಲ್ಲಿ. ಪದವಿ ಪಡೆದು ಹೊರಬಂದ ಮೇಲೆ ಅವನ ಬಾಗಿಲಿಗೆ ಬರುವವರು ಆ 250 ಮಂದಿ. ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ, ಅದಕ್ಕೊಂದು ಹೆಸರು ಬಂದಿರುತ್ತದೆ. ಊರಿನ ಶಾಪಿಗೆ ಬಂದಾಗ ಅದಿನ್ನೂ ಒಂದು ತಲೆನೋವು, ಒಂದು ನಿತ್ರಾಣ, ಒಂದು ನಿದ್ದೆಗೇಡು ಅಷ್ಟೇ. ಹತ್ತರಲ್ಲಿ ಒಂಬತ್ತು ತಾನಾಗಿ ಹೋಗಬಹುದು, ಹತ್ತನೆಯದು ಮಿದುಳುಜ್ವರವಾಗಬಹುದು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂದು ತಿಳಿಯುವುದೇ ಒಂದು ವಿದ್ಯೆ. ಆ ವಿದ್ಯೆಯನ್ನು ಆಸ್ಪತ್ರೆಯ ವಾರ್ಡಿನಲ್ಲಿ ಕಲಿಸಲಾಗದು, ಏಕೆಂದರೆ ಅಲ್ಲಿಗೆ ಆ ರೋಗಿ ಬರುವುದೇ ಇಲ್ಲ.

ಇದು ಯೂರೋಪಿಗೆ ಅರಿವಾದದ್ದು ಮುಜುಗರದ ಮೂಲಕ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಪ್ರತಿ ಕುಟುಂಬಕ್ಕೂ ಒಬ್ಬ ವೈದ್ಯ ಎಂಬುದು ಅದರ ಅಡಿಪಾಯ. 1950ರಲ್ಲಿ ಜೋಸೆಫ್ ಕಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ವೈದ್ಯ ಅಲ್ಲಿನ ಸಾಮಾನ್ಯ ವೈದ್ಯರ ಶಾಪುಗಳನ್ನು ನೋಡಿ ಬಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದರು. ಹಲವೆಡೆ ಸ್ಥಿತಿ ಶೋಚನೀಯ ಎಂಬುದು ಅದರ ಸಾರ. ಗದ್ದಲವೆದ್ದಿತು. ಎರಡೇ ವರ್ಷದಲ್ಲಿ, 1952ರಲ್ಲಿ, ಸಾಮಾನ್ಯ ವೈದ್ಯರು ತಮ್ಮದೇ ಕಾಲೇಜು ಎಂಬ ಸಂಸ್ಥೆ ಕಟ್ಟಿಕೊಂಡರು. ಶಸ್ತ್ರವೈದ್ಯರಿಗೂ ಔಷಧ ವೈದ್ಯರಿಗೂ ಶತಮಾನಗಳಿಂದ ಇದ್ದ ಗೌರವ ತಮಗೂ ಬೇಕೆಂಬುದು ಅವರ ಹಟ. 1963ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ರಿಚರ್ಡ್ ಸ್ಕಾಟ್ ಅವರನ್ನು ಸಾಮಾನ್ಯ ವೈದ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಜಗತ್ತಿನಲ್ಲಿ ಈ ವಿಷಯಕ್ಕೆ ಅದೇ ಮೊದಲ ಪೀಠ.

ಇದೇ ಹೊತ್ತಿನಲ್ಲಿ ಲಂಡನ್ನಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಹಂಗೇರಿಯಿಂದ ಬಂದು ನೆಲೆಸಿದ್ದ ಮನೋವೈದ್ಯ ಮೈಕೆಲ್ ಬಾಲಿಂಟ್ ಕೆಲವು ಸಾಮಾನ್ಯ ವೈದ್ಯರನ್ನು ಕೂಡಿಸಿ, ಅವರ ರೋಗಿಗಳ ಬಗ್ಗೆ ಮಾತನಾಡಿಸುತ್ತಿದ್ದರು. ಯಾವ ಗುಳಿಗೆ ಕೊಟ್ಟಿರಿ ಎಂಬುದಲ್ಲ ಅಲ್ಲಿನ ಚರ್ಚೆ. ಆ ರೋಗಿ ಪದೇ ಪದೇ ಏಕೆ ಬರುತ್ತಾನೆ, ಅವನನ್ನು ಕಂಡರೆ ನಿಮಗೆ ಏಕೆ ಸಿಟ್ಟು ಬರುತ್ತದೆ, ಅವನು ಹೇಳದೆ ಉಳಿಸಿದ್ದು ಏನು ಎಂಬುದು. ವೈದ್ಯನೇ ಒಂದು ಔಷಧಿ, ಅದರ ಪ್ರಮಾಣ ಹೆಚ್ಚುಕಡಿಮೆಯಾದರೆ ಅದಕ್ಕೂ ದುಷ್ಪರಿಣಾಮಗಳಿವೆ ಎಂಬುದು ಬಾಲಿಂಟ್ ಕಂಡುಕೊಂಡ ಸತ್ಯ. 1957ರಲ್ಲಿ ಅವರ ಪುಸ್ತಕ ಹೊರಬಂದಿತು. ಇಂಥ ಗುಂಪುಗಳು ದೇಶದಿಂದ ದೇಶಕ್ಕೆ ಹಬ್ಬಿದವು.

ಆದರೂ ಪ್ರತಿ ದೇಶದಲ್ಲೂ ಸಾಮಾನ್ಯ ವೈದ್ಯಶಿಕ್ಷಕ ಒಂಟಿಯಾಗಿದ್ದ. ವೈದ್ಯಕೀಯ ಕಾಲೇಜಿನ ಸಭೆಯಲ್ಲಿ ಹೃದಯ ತಜ್ಞ, ನರ ತಜ್ಞ, ಮೂಳೆ ತಜ್ಞರ ನಡುವೆ ಅವನೊಬ್ಬ. ‘ನೀನು ಕಲಿಸುವುದು ನಮ್ಮೆಲ್ಲರ ವಿಷಯದ ಚೂರುಪಾರು ತಾನೆ?’ ಎಂದು ಯಾರಾದರೂ ಕೇಳಿದರೆ ಕೊಡಲು ಉತ್ತರವಿರಲಿಲ್ಲ. ಉತ್ತರ ಬೇಕಾದರೆ ನೆರೆಯ ದೇಶದ ತನ್ನಂಥವನನ್ನು ಹುಡುಕಬೇಕಿತ್ತು. ಗಡಿ ದಾಟಿದ ಸಹಕಾರ ಹುಟ್ಟಿದ್ದು ಈ ಒಂಟಿತನದಿಂದ.

1974ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೇವೆನ್‌ಹೋರ್ಸ್ಟ್ ಎಂಬಲ್ಲಿ ಸಾಮಾನ್ಯ ವೈದ್ಯಶಾಸ್ತ್ರದ ಬೋಧನೆಯ ಬಗ್ಗೆ ಯೂರೋಪಿನ ಎರಡನೆಯ ಸಮ್ಮೇಳನ ನಡೆಯಿತು. ಅಲ್ಲಿ ನೇಮಕವಾದ ಹಲವು ದೇಶಗಳ ವೈದ್ಯರ ತಂಡವೊಂದು ಸಾಮಾನ್ಯ ವೈದ್ಯ ಎಂದರೆ ಯಾರು, ಅವನು ಏನನ್ನು ಕಲಿತಿರಬೇಕು ಎಂದು ಬರೆದಿಟ್ಟಿತು. ವಯಸ್ಸು, ಹೆಣ್ಣು ಗಂಡು, ಕಾಯಿಲೆಯ ಬಗೆ ಇವುಗಳ ಭೇದವಿಲ್ಲದೆ ವ್ಯಕ್ತಿಗೆ, ಕುಟುಂಬಕ್ಕೆ, ತನ್ನ ಸುತ್ತಲಿನ ಜನಕ್ಕೆ ಮೊದಲ ಹಂತದ ಹಾಗೂ ನಿರಂತರವಾದ ಆರೈಕೆ ನೀಡುವವನು ಎಂಬುದು ಅದರ ತಿರುಳು. ಕೇಳಿದರೆ ಇದರಲ್ಲೇನಿದೆ ಎನಿಸಬಹುದು. ಆದರೆ ‘ತಜ್ಞನಾಗಲು ಸೋತವನು’ ಎಂಬ ಹಣೆಪಟ್ಟಿ ಹೋಗಿ ‘ಇಂಥ ಕೆಲಸ ಮಾಡುವವನು’ ಎಂಬ ವ್ಯಾಖ್ಯೆ ಬಂದದ್ದು ಅಲ್ಲಿಂದ. ಕೆಲಸ ಯಾವುದೆಂದು ಗೊತ್ತಾದರೆ ಮಾತ್ರ ಅದನ್ನು ಕಲಿಸಲು ಸಾಧ್ಯ.

ಮುಂದಿನದು ಕಾನೂನಿನ ಹೆಜ್ಜೆ. 1986ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ತನ್ನ ಸದಸ್ಯ ದೇಶಗಳಿಗೆ ಒಂದು ನಿರ್ದೇಶನ ಹೊರಡಿಸಿತು. ಸಾಮಾನ್ಯ ವೈದ್ಯನಾಗಲು ಪದವಿ ಸಾಲದು, ಅದರ ಮೇಲೆ ಕನಿಷ್ಠ ಎರಡು ವರ್ಷ ಪ್ರತ್ಯೇಕ ತರಬೇತಿ ಬೇಕು, ಅದರಲ್ಲಿ ಕನಿಷ್ಠ ಆರು ತಿಂಗಳು ಮಾನ್ಯತೆ ಪಡೆದ ಸಾಮಾನ್ಯ ವೈದ್ಯರ ಶಾಪಿನಲ್ಲೋ ಆರೋಗ್ಯ ಕೇಂದ್ರದಲ್ಲೋ ಕಳೆಯಬೇಕು ಎಂದಿತು. 2001ರಲ್ಲಿ ಈ ಅವಧಿಯನ್ನು ಮೂರು ವರ್ಷಕ್ಕೆ ಏರಿಸಲಾಯಿತು. ಹೀಗೆ ಊರಿನ ಡಾಕ್ಟರ ಕೋಣೆ ಕಾಯ್ದೆಯ ಕಣ್ಣಿನಲ್ಲಿ ಪಾಠಶಾಲೆಯಾಯಿತು. ಆ ಡಾಕ್ಟರು ಮೇಷ್ಟರಾದರು.

ಆದರೆ ರೋಗಿಯನ್ನು ನೋಡಲು ಬರುವವನಿಗೆಲ್ಲ ಕಲಿಸಲು ಬರುವುದಿಲ್ಲ. ಮೇಷ್ಟರಿಗೂ ಮೇಷ್ಟರು ಬೇಕು. 1992ರಲ್ಲಿ ಲೇವೆನ್‌ಹೋರ್ಸ್ಟ್ ಪರಂಪರೆಯ ಶಿಕ್ಷಕರೇ ಸೇರಿ ಯೂರಾಕ್ಟ್ ಎಂಬ ಅಕಾಡೆಮಿ ಸ್ಥಾಪಿಸಿದರು. ಇಲ್ಲಿ ಸದಸ್ಯರಾಗುವುದು ಶಿಕ್ಷಕರು ತಾವೇ, ಅವರ ಸಂಘಸಂಸ್ಥೆಗಳಲ್ಲ. ದೇಶಕ್ಕೊಬ್ಬ ಪ್ರತಿನಿಧಿಯ ಮಂಡಲಿ ಅದನ್ನು ನಡೆಸುತ್ತದೆ. ಸ್ಲೊವೇನಿಯಾದ ಬ್ಲೆಡ್ ಎಂಬ ಸರೋವರದ ಊರಿನಲ್ಲಿ ತೊಂಬತ್ತರ ದಶಕದಿಂದ ವರ್ಷಕ್ಕೊಮ್ಮೆ ಶಿಕ್ಷಕರ ಶಿಬಿರ ನಡೆಯುತ್ತ ಬಂದಿದೆ. ವರ್ಷಕ್ಕೊಂದು ವಿಷಯ. ಬೇರೆ ಬೇರೆ ದೇಶದವರನ್ನು ಬೆರೆಸಿದ ಚಿಕ್ಕ ಗುಂಪುಗಳು. ಕೊನೆಗೆ ಊರಿಗೆ ಮರಳಿ ಪಾಠ ಮಾಡಲು ಒಂದು ಬೋಧನಾ ಯೋಜನೆ ಸಿದ್ಧವಾಗಬೇಕು.

ಈ ಸಹಕಾರದ ಫಲ ಎದ್ದು ಕಂಡದ್ದು ಪೂರ್ವ ಯೂರೋಪಿನಲ್ಲಿ. ಸೋವಿಯತ್ ಪದ್ಧತಿಯಲ್ಲಿ ಪಾಲಿಕ್ಲಿನಿಕ್ಕುಗಳಿದ್ದವು. ಮಗುವಿಗೊಬ್ಬ ವೈದ್ಯ, ತಾಯಿಗೊಬ್ಬ, ತಂದೆಗೊಬ್ಬ. ಇಡೀ ಮನೆಯನ್ನು ಬಲ್ಲ ಒಬ್ಬ ವೈದ್ಯನಿರಲಿಲ್ಲ. ಎಸ್ಟೋನಿಯಾ 1991ರಲ್ಲಿ ಸ್ವತಂತ್ರವಾಯಿತು. ಅದೇ ವರ್ಷ ಟಾರ್ಟು ವಿಶ್ವವಿದ್ಯಾಲಯ ಕೆಲಸದಲ್ಲಿದ್ದ ವೈದ್ಯರಿಗೆ ಕುಟುಂಬ ವೈದ್ಯರಾಗಲು ಮರುತರಬೇತಿ ಶುರುಮಾಡಿತು. 1993ರಲ್ಲಿ ಕುಟುಂಬ ವೈದ್ಯಶಾಸ್ತ್ರ ಅಲ್ಲಿ ಒಂದು ಪ್ರತ್ಯೇಕ ತಜ್ಞತೆ ಎಂದು ಮಾನ್ಯವಾಯಿತು. 2002ರಲ್ಲಿ ಕುಟುಂಬ ವೈದ್ಯರ ವಿಶ್ವ ಸಂಘಟನೆಯಾದ ವೋಂಕಾದ ಯೂರೋಪ್ ಶಾಖೆ ಹೊಸ ವ್ಯಾಖ್ಯೆಯನ್ನು ಪ್ರಕಟಿಸಿ, ಈ ವೈದ್ಯನಿಗೆ ಬೇಕಾದ ಆರು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. 2005ರಲ್ಲಿ ಯೂರಾಕ್ಟ್ ಅವುಗಳನ್ನು ಹೇಗೆ ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬ ಬೋಧನಾ ಕಾರ್ಯಸೂಚಿ ಹೊರತಂದಿತು. ರೋಗಿಯನ್ನು ವ್ಯಕ್ತಿಯಾಗಿ ನೋಡುವುದು, ಅವನ ಸುತ್ತಲಿನ ಸಮುದಾಯವನ್ನು ಅರಿಯುವುದು ಎರಡೂ ಆ ಆರರಲ್ಲಿವೆ.

ಇನ್ನು ನಮ್ಮ ಕಡೆ ನೋಡೋಣ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಅದರ ವಿದ್ಯಾರ್ಥಿಗಳು ಕಲಿತದ್ದು ಕೃಷ್ಣರಾಜೇಂದ್ರ ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳ ವಾರ್ಡುಗಳಲ್ಲಿ. 1946ರ ಭೋರ್ ಸಮಿತಿ ವರದಿ ದೇಶಕ್ಕೆಲ್ಲ ಒಂದೇ ಬಗೆಯ ಮೂಲ ವೈದ್ಯ ಸಾಕು, ಅವನು ಸಮಾಜವನ್ನು ಬಲ್ಲ ವೈದ್ಯನಾಗಿರಬೇಕು ಎಂದಿತು. ಕಾಲೇಜುಗಳಲ್ಲಿ ರೋಗ ಪ್ರತಿಬಂಧಕ ಹಾಗೂ ಸಾಮಾಜಿಕ ವೈದ್ಯಶಾಸ್ತ್ರದ ವಿಭಾಗಗಳು ತೆರೆದವು. 1977ರಲ್ಲಿ ಕೇಂದ್ರ ಸರ್ಕಾರ ವೈದ್ಯ ಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ ಯೋಜನೆ ತಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕಾಲೇಜುಗಳಿಗೆ ವಹಿಸಿತು. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಬಂದರು. ಆದರೆ ಹಳ್ಳಿಯ ವೈದ್ಯ ಮಾತ್ರ ಅವರ ಗುರುವಾಗಲಿಲ್ಲ. ಗುರು ಕಾಲೇಜಿನಿಂದಲೇ ವ್ಯಾನಿನಲ್ಲಿ ಬಂದು ಸಂಜೆ ವ್ಯಾನಿನಲ್ಲೇ ಹೋದರು.

ಹೆಗ್ಗಡದೇವನಕೋಟೆಯ ಕಥೆ ಬೇರೆ. ಅಲ್ಲಿ ಕಲಿತವರು ತಾವೇ ದಾರಿ ಹುಡುಕಬೇಕಾಯಿತು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಸಂಗಡಿಗರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಎಂಬತ್ತರ ದಶಕದ ಕೊನೆಗೆ ಅವರು ಬ್ರಹ್ಮಗಿರಿಗೆ ಬಂದರು. ಕಬಿನಿ ಜಲಾಶಯಕ್ಕೂ ಕಾಡಿನ ರಕ್ಷಣೆಗೂ ನೆಲೆ ಬಿಟ್ಟುಕೊಟ್ಟ ಜೇನುಕುರುಬರು, ಬೆಟ್ಟಕುರುಬರು, ಯರವರು ಅಲ್ಲಿನ ಹಾಡಿಗಳಲ್ಲಿದ್ದರು. ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳು ಎದ್ದವು, ಹೊಸಹಳ್ಳಿಯಲ್ಲಿ ಶಾಲೆ ಬಂದಿತು. ವೈದ್ಯರು ಶಾಲೆ ತೆರೆದರು ಎಂಬುದೇ ಹಾಡಿ ಅವರಿಗೆ ಏನು ಕಲಿಸಿತು ಎಂಬುದರ ಗುರುತು. ಯೂರೋಪಿನವರು ಪಟ್ಟಿಯಲ್ಲಿ ಬರೆದುಕೊಂಡ ಸಮುದಾಯದ ಅರಿವನ್ನು ಇವರು ಪಠ್ಯವಿಲ್ಲದೆ, ಪರೀಕ್ಷೆಯಿಲ್ಲದೆ ಕಲಿತರು.

ಅಂಥ ಅರಿವು ಎಲ್ಲಿ ಬೇಕಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕುಡುಗೋಲು ಕಣ ರಕ್ತಹೀನತೆ. ದಕ್ಷಿಣದ ಕಾಡುಗಳ ಆದಿವಾಸಿಗಳಲ್ಲಿ ಇದು ವಂಶದಿಂದ ಬರುತ್ತದೆ. ಇದ್ದಕ್ಕಿದ್ದಂತೆ ಕೈಕಾಲು, ಬೆನ್ನಿನ ಮೂಳೆಗಳು ತಡೆಯಲಾಗದಂತೆ ನೋಯುತ್ತವೆ. ಹೊರಗೆ ಗಾಯವಿಲ್ಲ, ಬಾವಿಲ್ಲ. ಅರಿಯದವರು ಕೆಲಸಗಳ್ಳತನ ಎನ್ನಬಹುದು. ಆ ಮನೆಯನ್ನು ಬಲ್ಲ ವೈದ್ಯ, ಅಣ್ಣನಿಗೂ ಹೀಗೇ ಆಗಿತ್ತಲ್ಲವೆ ಎಂದು ಕೇಳಿ, ರಕ್ತಪರೀಕ್ಷೆಗೆ ಕಳಿಸುತ್ತಾನೆ. ಕೇಂದ್ರ ಸರ್ಕಾರ 2023ರಲ್ಲಿ ಈ ಕಾಯಿಲೆಯ ನಿರ್ಮೂಲನೆಗೆಂದೇ ಒಂದು ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಅಭಿಯಾನದ ಪರೀಕ್ಷಾ ಕಿಟ್ಟು ಹಾಡಿಗೆ ಬರಬಹುದು, ಆ ಕುಟುಂಬದ ನೆನಪು ಕಿಟ್ಟಿನಲ್ಲಿ ಬರುವುದಿಲ್ಲ.

ಗುರುಪುರದಲ್ಲಿ ವೈದ್ಯನ ಕೆಲಸಕ್ಕೆ ಇನ್ನೊಂದು ಮುಖವಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ರಬ್‌ಗ್ಯೇಲಿಂಗ್ ವಸತಿ ನೆಲೆಗೊಂಡಿತು. ಗ್ಯೂಮೆ ತಾಂತ್ರಿಕ ಮಠ ಬಂದಿತು. ಸುತ್ತ ಕನ್ನಡದ ಒಕ್ಕಲು, ತುಸು ದೂರದಲ್ಲಿ ಹಾಡಿಗಳು, ನಡುವೆ ಟಿಬೆಟನ್ ಮಾತು. ಒಂದು ಬೆಳಿಗ್ಗೆ ವೈದ್ಯನ ಬಾಗಿಲಲ್ಲಿ ಹೊಗೆಸೊಪ್ಪಿನ ಕೂಲಿಯೂ ಕುಳಿತಿರಬಹುದು, ಕೆಮ್ಮುವ ಎಳೆಯ ಭಿಕ್ಷುವೂ ಕುಳಿತಿರಬಹುದು. ಭಾರತದ ಟಿಬೆಟನ್ ನಿರಾಶ್ರಿತರಲ್ಲಿ ಕ್ಷಯದ ಪ್ರಮಾಣ ಬಹುಕಾಲದಿಂದ ಹೆಚ್ಚು. ಒಂದೇ ಕೋಣೆಯಲ್ಲಿ ಹಲವರು ಮಲಗುವ ಕಡೆ ಒಬ್ಬನ ಕೆಮ್ಮು ಒಬ್ಬನದೇ ಅಲ್ಲ. ವಯಸ್ಸಾದ ಟಿಬೆಟನ್ ಅಜ್ಜಿಯೊಬ್ಬರು ರಕ್ತದೊತ್ತಡದ ಗುಳಿಗೆಯ ಜತೆಗೆ ತಮ್ಮ ಪರಂಪರೆಯ ಗಿಡಮೂಲಿಕೆ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿರಬಹುದು. ಸೋವಾ ರಿಗ್ಪಾ ಎಂಬ ಆ ಪದ್ಧತಿಗೆ 2010ರಲ್ಲಿ ಭಾರತ ಸರ್ಕಾರದ ಕಾನೂನಿನ ಮನ್ನಣೆ ದೊರೆತಿದೆ. ಅಜ್ಜಿಯನ್ನು ಗದರಿದರೆ ಮುಂದಿನ ಬಾರಿ ಅವರು ಹೇಳುವುದಿಲ್ಲ. ಗೌರವದಿಂದ ಕೇಳಿದರೆ ಎರಡು ಗುಳಿಗೆಗಳ ಲೆಕ್ಕವೂ ಸಿಗುತ್ತದೆ.

ಈ ಯಾವ ಪಾಠವೂ ದೊಡ್ಡಾಸ್ಪತ್ರೆಯಲ್ಲಿಲ್ಲ. ಇದನ್ನು ಬಲ್ಲವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಶಾಪು ನಡೆಸಿದ ವೈದ್ಯರು, ಆರೋಗ್ಯ ಕೇಂದ್ರಗಳಲ್ಲಿ ಬೇರೂರಿದ ವೈದ್ಯಾಧಿಕಾರಿಗಳು, ಮನೆಮನೆ ಬಲ್ಲ ನರ್ಸಮ್ಮಂದಿರು. ಅವರು ನಿವೃತ್ತರಾದರೆ, ಶಾಪು ಮುಚ್ಚಿದರೆ, ಆ ತಿಳಿವಳಿಕೆಯೂ ಅವರೊಂದಿಗೆ ಹೋಗುತ್ತದೆ. ಹೊಸದಾಗಿ ಬಂದವನು ಮತ್ತೆ ಒಂದರಿಂದ ಎಣಿಸಬೇಕು. ಅವನು ಎಣಿಸುತ್ತಿರುವಾಗ ಆಗುವ ತಪ್ಪಿಗೆ ಬೆಲೆ ತೆರುವವರು ರೋಗಿಗಳು.

ಸರ್ಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಕರ್ನಾಟಕ 2012ರಲ್ಲಿ ಹೊಸ ವೈದ್ಯರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು, ಮುಂದೆ ಅದು ಸಡಿಲವಾಯಿತು. ಕಾಯ್ದೆಯ ಹೆಸರಿನಲ್ಲಿ ಸೇವೆಯ ಜತೆಗೆ ‘ತರಬೇತಿ’ ಎಂಬ ಪದವೂ ಇದೆ. ಆದರೆ ಗುರುವಿಲ್ಲದ ಕಡೆ ಕಳಿಸಿದರೆ ಅದು ಸೇವೆಯಾದೀತೇ ಹೊರತು ತರಬೇತಿಯಾಗದು. 2022ರಿಂದ ವೈದ್ಯವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ಗಮನಿಸುವ ಕ್ರಮ ಬಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 2006ರಿಂದ ಕೆಲಸದಲ್ಲಿರುವ ವೈದ್ಯರಿಗೆ ದೂರಶಿಕ್ಷಣದಲ್ಲಿ ಕುಟುಂಬ ವೈದ್ಯಶಾಸ್ತ್ರ ಕಲಿಸಲಾರಂಭಿಸಿತು. ವಯನಾಡಿನ ಆಚೆ, ಕೋಯಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದಲ್ಲಿ ಎಂ.ಡಿ. ಪದವಿಯೇ ಇದೆ. ದಾರಿ ಇಲ್ಲದಿಲ್ಲ.

ಯೂರೋಪನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ಯಾರೂ ಹೇಳುವುದಿಲ್ಲ. ಅಲ್ಲಿ ಹಣವಿದೆ, ಪ್ರತಿ ಕುಟುಂಬಕ್ಕೂ ವೈದ್ಯನನ್ನು ಗೊತ್ತುಮಾಡುವ ವ್ಯವಸ್ಥೆ ಅನೇಕ ದೇಶಗಳಲ್ಲಿದೆ. ಅಷ್ಟಿದ್ದೂ ಅಲ್ಲಿನ ಹಳ್ಳಿಗಳಿಗೆ ಇಂದು ವೈದ್ಯರು ಸಿಗುತ್ತಿಲ್ಲ, ಇದ್ದವರಿಗೆ ವಯಸ್ಸಾಗುತ್ತಿದೆ. ಅವರಿಂದ ಕಲಿಯಬೇಕಾದದ್ದು ಅವರ ಕಟ್ಟಡಗಳನ್ನಲ್ಲ, ಅವರು ಆರಂಭಿಸಿದ ರೀತಿಯನ್ನು. 1974ರಲ್ಲಿ ಅವರ ಬಳಿ ಕಾಯ್ದೆಯಿರಲಿಲ್ಲ, ಅಕಾಡೆಮಿಯಿರಲಿಲ್ಲ. ಒಂಟಿಯಾಗಿದ್ದ ಕೆಲವರು ಒಂದೆಡೆ ಕುಳಿತು, ತಾವು ಮಾಡುವ ಕೆಲಸ ಯಾವುದೆಂದು ಬರೆದುಕೊಂಡರು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ವೈದ್ಯರು ತಿಂಗಳಿಗೊಮ್ಮೆ ಸಂಜೆ ಎರಡು ಗಂಟೆ ಗುರುಪುರದಲ್ಲೋ ಸರಗೂರಿನಲ್ಲೋ ಕುಳಿತು, ಬಾಲಿಂಟ್ ಗುಂಪಿನಂತೆ, ತಮಗೆ ಬಗೆಹರಿಯದ ಒಬ್ಬ ರೋಗಿಯ ಬಗ್ಗೆ ಮಾತನಾಡಲು ಯಾವ ಆದೇಶವೂ ಬೇಕಿಲ್ಲ. ಆ ಮಾತನ್ನು ಬರೆದಿಟ್ಟರೆ ಅದೇ ಮೊದಲ ಪಠ್ಯ. ಮೈಸೂರಿನ ವೈದ್ಯಕೀಯ ಕಾಲೇಜುಗಳು ಅಂಥ ಕೆಲವರಿಗೆ ಬೋಧಕರೆಂಬ ಮನ್ನಣೆ ಕೊಟ್ಟು, ಅವರ ಮಗ್ಗುಲಿಗೆ ಒಬ್ಬ ಎಳೆಯ ವೈದ್ಯನನ್ನು ಕೂರಿಸಲು ದೊಡ್ಡ ಖರ್ಚೇನೂ ಆಗದು. ಮುಂದಿನ ಮುಂಗಾರಿನಲ್ಲಿ, ತಲೆ ಸುತ್ತಿ ಬಂದ ಹೆಂಗಸಿಗೆ ಸೂಜಿ ಹಾಕಲು ಅವನು ಕೈಯೆತ್ತಿದಾಗ, ಪಕ್ಕದ ಹಿರಿಯರು ‘ಸ್ವಲ್ಪ ತಾಳಿ, ಮೊದಲು ಏನು ಕೆಲಸ ಮಾಡಿ ಬಂದರು ಕೇಳಿ’ ಎನ್ನುವಂತಾದರೆ ಸಾಕು. ಉಳಿದದ್ದು ಅಲ್ಲಿಂದ ಬೆಳೆಯುತ್ತದೆ.